ಹಂಗಾಮಿನ ಒತ್ತಡದಲ್ಲಿ ರೂಢಿ ಮತ್ತು ಸಾವಧಾನ

ಹತ್ತಿಯ ಹೂವಿನ ಆಯುಷ್ಯ ಬಹಳ ಚಿಕ್ಕದು. ಇಂದು ಸಂಜೆ ತೊಟ್ಟೆಲೆಗಳ ನಡುವಿನಿಂದ ಸುರುಳಿ ಸುತ್ತಿದ ದಳಗಳನ್ನು ಹೊರಚಾಚಿ ನಿಂತ ಮೊಗ್ಗು ನಾಳೆ ಬೆಳಿಗ್ಗೆ ಅರಳುತ್ತದೆ. ಅರಳಿದ ಸ್ವಲ್ಪ ಹೊತ್ತಿನಲ್ಲೇ ಅದರ ಪರಾಗಕೋಶಗಳು ಒಡೆದು, ಅದೇ ಹೂವಿನ ಶಲಾಕಾಗ್ರದ ಮೇಲೆ, ಎಂದರೆ ಪರಾಗವನ್ನು ಹಿಡಿದುಕೊಳ್ಳುವ ಹೆಣ್ಣು ಭಾಗದ ತುದಿಯ ಮೇಲೆ, ಪರಾಗವನ್ನು ಚೆಲ್ಲುತ್ತವೆ. ಮರುದಿನದ ಹೊತ್ತಿಗೆ ಕೆನೆಬಣ್ಣದ ದಳಗಳು ಗುಲಾಬಿ ಬಣ್ಣಕ್ಕೆ ತಿರುಗಿ, ಬಾಡಿ, ಉದುರಲು ಅಣಿಯಾಗುತ್ತವೆ. ಹೂವು ತನ್ನದೇ ಪರಾಗದಿಂದ ಹೀಗೆ ಕಾಯಿ ಕಟ್ಟುವುದನ್ನು ಸ್ವಪರಾಗಸ್ಪರ್ಶ ಎನ್ನುತ್ತಾರೆ. ಇದನ್ನು ತಡೆದು, ಆರಿಸಿದ ಬೇರೊಂದು ತಳಿಯ ಪರಾಗವನ್ನು ಆ ಶಲಾಕಾಗ್ರಕ್ಕೆ ಮುಟ್ಟಿಸಿದಾಗ ಮಾತ್ರ ಹೈಬ್ರಿಡ್ ಬೀಜ ದೊರೆಯುತ್ತದೆ. ಹಾವೇರಿ ಜಿಲ್ಲೆಯ ಹಿರೇಕೆರೂರು, ರಾಣೆಬೆನ್ನೂರು ಸೀಮೆಯ ಬೀಜೋತ್ಪಾದಕರು ‘ಕ್ರಾಸಿಂಗ್’ ಎಂದು ಕರೆಯುವ ಈ ಕೆಲಸವು ಮನುಷ್ಯನ ಗಮನಶಕ್ತಿಯನ್ನು ಅರ್ಥ ಮಾಡಿಕೊಳ್ಳಲು ಒಂದು ಅಪರೂಪದ ಅವಕಾಶವನ್ನು ಒದಗಿಸುತ್ತದೆ.

ವರ್ಷದ ಅತ್ಯಂತ ಬಿಡುವಿಲ್ಲದ ವಾರಗಳಲ್ಲಿ, ದಿನಕ್ಕೆ ಸಾವಿರಾರು ಸಲ ಮರುಕಳಿಸುವ ಒಂದೇ ಚಲನೆಯನ್ನು, ಪ್ರತಿ ಸಲವೂ ಮೊದಲ ಸಲದ ಎಚ್ಚರದಿಂದ ಮಾಡಬೇಕೆಂದು ಈ ಕೆಲಸ ಕೇಳುತ್ತದೆ. ಕೈಗೆ ರೂಢಿಯಾಗದಿದ್ದರೆ ಕೆಲಸ ಸಾಗುವುದಿಲ್ಲ. ರೂಢಿ ಮನಸ್ಸಿಗೂ ಹಬ್ಬಿದರೆ ಕೆಲಸ ಕೆಡುತ್ತದೆ. ಈ ಇಕ್ಕಟ್ಟಿನಿಂದ ಹೊರಬರಲು ಇಚ್ಛಾಶಕ್ತಿಗಿಂತ ನಿತ್ಯದ ರೂಢಿಗಳ ಮರುಜೋಡಣೆಯೇ ಹೆಚ್ಚು ನೆರವಾಗುತ್ತದೆ ಎಂಬುದನ್ನು ಮನೋವಿಜ್ಞಾನದ ಹಲವು ಪ್ರಯೋಗಗಳು ಸೂಚಿಸುತ್ತವೆ. ಈ ಅಧ್ಯಾಯವು ಆ ಪ್ರಯೋಗಗಳನ್ನು ಹಿರೇಕೆರೂರಿನ ಹತ್ತಿಯ ಸಾಲುಗಳ ನಡುವೆ ಇಟ್ಟು ನೋಡುತ್ತದೆ.

ಮೊಗ್ಗು ಗೊತ್ತುಪಡಿಸುವ ವೇಳಾಪಟ್ಟಿ

ವಾಣಿಜ್ಯ ಬಳಕೆಗೆ ಬಂದ ಜಗತ್ತಿನ ಮೊದಲ ಹೈಬ್ರಿಡ್ ಹತ್ತಿ ‘ಎಚ್-4’. ಇದನ್ನು 1970ರಲ್ಲಿ ಗುಜರಾತಿನ ಸೂರತ್ ಸಂಶೋಧನಾ ಕೇಂದ್ರದಿಂದ ಸಿ.ಟಿ. ಪಟೇಲರು ಹೊರತಂದರು. ಎರಡೇ ವರ್ಷಗಳಲ್ಲಿ, 1972ರಲ್ಲಿ, ಧಾರವಾಡದಲ್ಲಿ ಬಿ.ಎಚ್. ಕಟರಕಿಯವರು ‘ವರಲಕ್ಷ್ಮಿ’ಯನ್ನು ರೂಪಿಸಿದರು; ಅಮೆರಿಕನ್ ಹತ್ತಿಯ ‘ಲಕ್ಷ್ಮಿ’ ತಳಿಯನ್ನು ಉದ್ದ ಎಳೆಯ ಈಜಿಪ್ಟ್ ಬಗೆಯ ಹತ್ತಿಯೊಂದಿಗೆ ಕೂಡಿಸಿ ಪಡೆದ ಈ ತಳಿಯ ಬೆನ್ನಿಗೆ 1981ರಲ್ಲಿ ‘ಜಯಲಕ್ಷ್ಮಿ’ ಎಂದು ಹೆಸರಾದ ‘ಡಿಸಿಎಚ್-32’ ಬಂದಿತು. ಹೈಬ್ರಿಡ್ ಬೆಳೆಯ ಹುರುಪು ಮುಂದಿನ ಪೀಳಿಗೆಯಲ್ಲಿ ಕುಂದುವುದರಿಂದ ರೈತರು ಪ್ರತಿ ವರ್ಷವೂ ಹೊಸ ಬೀಜವನ್ನೇ ಬಿತ್ತಬೇಕಾಗುತ್ತದೆ, ಆ ಬೀಜವನ್ನು ಪ್ರತಿ ವರ್ಷವೂ ಯಾರಾದರೂ ಕೈಯಿಂದಲೇ ಮಾಡಿಕೊಡಬೇಕಾಗುತ್ತದೆ. ಕರ್ನಾಟಕದಲ್ಲಿ ಆ ಕೌಶಲ ನೆಲೆಯೂರಿದ ಜಾಗಗಳಲ್ಲಿ ಹಾವೇರಿ ಜಿಲ್ಲೆ ಮುಖ್ಯವಾದುದು. ಇಲ್ಲಿ ಹತ್ತಿಯ ಜೊತೆಗೆ ಟೊಮೆಟೊ, ಮೆಣಸಿನಕಾಯಿ, ಬೆಂಡೆಯಂಥ ತರಕಾರಿಗಳ ಹೈಬ್ರಿಡ್ ಬೀಜವೂ ತಯಾರಾಗುತ್ತದೆ.

ಹೆಣ್ಣು ತಳಿಯ ಸಾಲುಗಳಲ್ಲಿ ಮಧ್ಯಾಹ್ನ ಮೂರರಿಂದ ಸಂಜೆ ಆರರವರೆಗೆ, ಮರುದಿನ ಅರಳಲಿರುವ ಮೊಗ್ಗುಗಳನ್ನು ಗುರುತಿಸಿ, ಅವುಗಳ ಗಂಡು ಭಾಗವನ್ನು ತೆಗೆಯಬೇಕು. 1934ರಲ್ಲಿ ಡೋಕ್ ಎಂಬ ವಿಜ್ಞಾನಿ ವಿವರಿಸಿದ ವಿಧಾನವೇ ಇಂದಿಗೂ ಬಳಕೆಯಲ್ಲಿದೆ: ಹೆಬ್ಬೆರಳಿನ ಉಗುರಿನಿಂದ ಮೊಗ್ಗಿನ ಬುಡಕ್ಕೆ ಆಳವಿಲ್ಲದ ಗೀರು ಹಾಕಿ, ಮೆಲ್ಲಗೆ ತಿರುವಿದರೆ, ದಳಗಳೂ ಅವುಗಳಿಗೆ ಅಂಟಿದ ಕೇಸರಗಳ ಕೊಳವೆಯೂ ಒಟ್ಟಿಗೇ ಕಳಚಿ ಬರುತ್ತವೆ, ಅಂಡಾಶಯ ಮತ್ತು ಶಲಾಕೆ ಗಿಡದಲ್ಲೇ ಉಳಿಯುತ್ತವೆ. ಉಗುರು ತುಸು ಆಳಕ್ಕೆ ಇಳಿದರೆ ಅಂಡಾಶಯಕ್ಕೆ ಗಾಯವಾಗಿ ಎಳೆಗಾಯಿ ಉದುರುತ್ತದೆ. ತುಸು ಮೇಲೆ ತಾಗಿದರೆ ಪರಾಗಕೋಶಗಳು ಅಲ್ಲೇ ಉಳಿದು ಬೀಜದ ಶುದ್ಧತೆ ಕೆಡುತ್ತದೆ. ಕೆಲಸ ಮುಗಿದ ಮೊಗ್ಗಿಗೆ ಬಣ್ಣದ ಕಾಗದದ ಚೀಲ ತೊಡಿಸಿ ಗುರುತು ಮಾಡುತ್ತಾರೆ. ಮರುದಿನ ಬೆಳಿಗ್ಗೆ, ಸುಮಾರು ಹನ್ನೊಂದು ಗಂಟೆಯೊಳಗೆ, ಗಂಡು ತಳಿಯ ಹೊಸ ಹೂವನ್ನು ಕಿತ್ತು ತಂದು, ಅದರ ಪರಾಗವನ್ನು ಗುರುತಿಟ್ಟ ಶಲಾಕಾಗ್ರಗಳಿಗೆ ಸವರುತ್ತಾರೆ. ಒಂದು ಗಂಡು ಹೂವು ನಾಲ್ಕೈದು ಮೊಗ್ಗುಗಳಿಗೆ ಸಾಲುತ್ತದೆ. ಆಮೇಲೆ ಬೇರೆ ಬಣ್ಣದ ಚೀಲವನ್ನೋ ದಾರವನ್ನೋ ಕಟ್ಟಿ, ಆ ಕಾಯಿಯ ಕೆಲಸ ಪೂರ್ತಿಯಾಯಿತೆಂದು ದಾಖಲಿಸುತ್ತಾರೆ. ಗಂಡು ಭಾಗವೇ ಫಲಿಸದ ತಳಿಗಳನ್ನು ಬಳಸಿದ ಕಡೆ ಸಂಜೆಯ ಕೆಲಸ ತಪ್ಪುತ್ತದೆ; ಉಳಿದ ಕಡೆ ಈ ಎರಡು ಪಾಳಿಗಳು ಸುಮಾರು ಒಂಬತ್ತು ವಾರ, ಒಂದು ದಿನವೂ ತಪ್ಪದೆ, ನಡೆಯಬೇಕು.

ಒಂದು ದಿನವೂ ತಪ್ಪದೆ ಎಂಬುದೇ ಇಲ್ಲಿನ ಕಠಿಣ ಷರತ್ತು. ಹಿರೇಕೆರೂರು ತಾಲ್ಲೂಕು ಮಲೆನಾಡಿನ ಅಂಚಿಗೂ ಬಯಲುಸೀಮೆಗೂ ನಡುವಿನ ಸಂಕ್ರಮಣ ವಲಯದಲ್ಲಿದ್ದು, ಮುಂಗಾರಿನಲ್ಲಿ ಬಿತ್ತಿದ ಗೋವಿನಜೋಳಕ್ಕೆ ಎಡೆ ಹೊಡೆಯುವುದು, ಕಳೆ ತೆಗೆಯುವುದು, ಗೊಬ್ಬರ ಕೊಡುವುದು ಇವೆಲ್ಲ ಸ್ವಲ್ಪ ಆಚೀಚೆ ಆದರೂ ನಡೆದೀತು. ಹತ್ತಿಯ ಮೊಗ್ಗು ಮಾತ್ರ ಕಾಯುವುದಿಲ್ಲ. ಕ್ರಾಸಿಂಗ್‌ನ ವಾರಗಳು ಬಿತ್ತನೆಯ ತಿಂಗಳಿಗೆ ತಕ್ಕಂತೆ ಹಿಂದುಮುಂದಾಗಿ ಗಣೇಶ ಚೌತಿ, ದಸರೆ, ಸೀಗಿಹುಣ್ಣಿಮೆಗಳ ಆಸುಪಾಸಿನಲ್ಲಿ ಬರುತ್ತವೆ. ಎರಡು ಪಾಳಿಗಳ ನಡುವೆ ಅಡುಗೆ, ದನಕರು, ಮಕ್ಕಳ ಶಾಲೆ. ಪಂಪ್‌ಸೆಟ್ಟಿಗೆ ತ್ರೀಫೇಸ್ ವಿದ್ಯುತ್ತು ರಾತ್ರಿ ಬಂದರೆ ರಾತ್ರಿಯೇ ನೀರು ತಿರುವಲು ಹೋಗಬೇಕು. ಈ ಕೆಲಸದಲ್ಲಿ ಹೆಚ್ಚು ಪಾಲು ಹೆಣ್ಣುಮಕ್ಕಳದು, ಆದ್ದರಿಂದ ಹೊಲದ ಹೊರೆಯೂ ಮನೆಯ ಹೊರೆಯೂ ಒಂದೇ ತಲೆಯ ಮೇಲೆ ಬೀಳುತ್ತವೆ.

ರೂಢಿಯ ಲಾಭ, ರೂಢಿಯ ಬೆಲೆ

ಅಮೆರಿಕದ ವಿಲಿಯಂ ಜೇಮ್ಸ್ 1890ರಲ್ಲಿ ಪ್ರಕಟಿಸಿದ ಮನೋವಿಜ್ಞಾನದ ಗ್ರಂಥದಲ್ಲಿ ರೂಢಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದರು; ದಿನನಿತ್ಯದ ಸಣ್ಣ ಕೆಲಸಗಳನ್ನು ಎಷ್ಟು ಹೆಚ್ಚಾಗಿ ರೂಢಿಯ ವಶಕ್ಕೆ ಒಪ್ಪಿಸುತ್ತೇವೆಯೋ ಅಷ್ಟು ಮನಶ್ಶಕ್ತಿ ಹಿರಿದಾದ ಕೆಲಸಗಳಿಗೆ ಉಳಿಯುತ್ತದೆ ಎಂಬುದು ಅವರ ವಾದ. ಒಂದು ಶತಮಾನದ ತರುವಾಯ, ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಆನ್ ಗ್ರೇಬಿಯೆಲ್ ಮತ್ತು ಸಂಗಡಿಗರು ಇಲಿಗಳಿಗೆ ಕವಲುದಾರಿಯ ಒಂದು ಓಣಿಯಲ್ಲಿ ಓಡುವುದನ್ನು ಕಲಿಸುತ್ತ, ಮಿದುಳಿನ ಆಳದಲ್ಲಿರುವ ಸ್ಟ್ರಯೇಟಮ್ ಎಂಬ ಭಾಗದ ನರಕೋಶಗಳ ಚಟುವಟಿಕೆಯನ್ನು ಅಳೆದರು. ಕಲಿಕೆಯ ಆರಂಭದಲ್ಲಿ ಓಟದ ಉದ್ದಕ್ಕೂ ಮಿಡಿಯುತ್ತಿದ್ದ ಈ ಕೋಶಗಳು, ಓಟ ರೂಢಿಯಾದ ಮೇಲೆ ಮುಖ್ಯವಾಗಿ ಆರಂಭದಲ್ಲೂ ಕೊನೆಯಲ್ಲೂ ಮಿಡಿಯತೊಡಗಿದವು. ಹಲವು ಹೆಜ್ಜೆಗಳ ಸರಣಿಯೊಂದು ಒಂದೇ ಗಂಟಾಗಿ ಕಟ್ಟಲ್ಪಟ್ಟು, ಮೊದಲ ಹೆಜ್ಜೆಗೆ ಸೂಚನೆ ಸಿಕ್ಕರೆ ಉಳಿದವು ತಾವಾಗಿ ಬಿಚ್ಚಿಕೊಳ್ಳುತ್ತವೆ ಎಂದು ಇದನ್ನು ಅರ್ಥೈಸಲಾಗಿದೆ.

ಇದು ಕ್ರಾಸಿಂಗ್ ಮಾಡುವ ಕೈಗೂ ಅನ್ವಯಿಸುವಂಥ ವಿವರಣೆ. ಹೊಸದಾಗಿ ಕಲಿಯುವವರು ಮೊಗ್ಗನ್ನು ಹಿಡಿಯುವುದು, ಗೀರುವುದು, ತಿರುವುವುದು, ಚೀಲ ತೊಡಿಸುವುದು ಎಂದು ಪ್ರತಿ ಹೆಜ್ಜೆಯನ್ನೂ ನೆನೆದು ಮಾಡುತ್ತಾರೆ. ಪಳಗಿದವರಲ್ಲಿ ಬೆರಳು ಮೊಗ್ಗನ್ನು ಮುಟ್ಟಿದ್ದೇ ತಡ, ಉಳಿದುದೆಲ್ಲ ಒಂದೇ ಓಘದಲ್ಲಿ ನಡೆದುಹೋಗುತ್ತದೆ. ವೇಗವೂ ನಾಜೂಕೂ ಇದರಿಂದಲೇ ಬರುತ್ತವೆ. ಆದರೆ ಹೀಗೆ ಬಿಡುವು ಪಡೆದ ಮನಸ್ಸು ಸುಮ್ಮನೆ ಕೂರುವುದಿಲ್ಲ. ವೆಂಡಿ ವುಡ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಾಸಿಗೊಮ್ಮೆ ತಮ್ಮ ಕೆಲಸವನ್ನೂ ಯೋಚನೆಯನ್ನೂ ಬರೆದಿಟ್ಟಾಗ, ಅವರ ದಿನದ ಸುಮಾರು ಶೇ 43ರಷ್ಟು ಕೆಲಸಗಳು ರೂಢಿಗತವಾಗಿದ್ದವು, ಅವುಗಳನ್ನು ಮಾಡುವಾಗ ಮನಸ್ಸು ಹೆಚ್ಚಾಗಿ ಬೇರೆಲ್ಲೋ ಇರುತ್ತಿತ್ತು. 2010ರಲ್ಲಿ ಕಿಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ 2,250 ವಯಸ್ಕರನ್ನು ಫೋನಿನ ಮೂಲಕ ಹಠಾತ್ತನೆ ವಿಚಾರಿಸಿದಾಗಲೂ ಹೆಚ್ಚುಕಡಿಮೆ ಶೇ 47ರಷ್ಟು ಉತ್ತರಗಳಲ್ಲಿ ಮನಸ್ಸು ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಹೋಗಿತ್ತು. ಅಂಥ ಹೊತ್ತಿನಲ್ಲಿ ಜನ ತಾವು ಅಷ್ಟು ಸಂತೋಷವಾಗಿಲ್ಲವೆಂದೂ ತಿಳಿಸಿದರು.

ಮನಸ್ಸನ್ನು ನಡೆಯುತ್ತಿರುವ ಕೆಲಸಕ್ಕೇ ಮರಳಿಸುವ ಅಭ್ಯಾಸವನ್ನು ಆಧುನಿಕ ವೈದ್ಯಶಾಸ್ತ್ರ ಮೈಂಡ್‌ಫುಲ್‌ನೆಸ್ ಎಂದು ಕರೆಯುತ್ತದೆ. ಇಲ್ಲಿ ಅದಕ್ಕೆ ಸಾವಧಾನ ಎಂಬ ಪದವನ್ನು ಬಳಸಲಾಗಿದೆ. ಇದರಲ್ಲಿ ಎರಡು ಧಾರೆಗಳಿವೆ. ಬೌದ್ಧ ಧ್ಯಾನಕ್ರಮದಿಂದ ಪ್ರೇರಿತರಾದ ಜಾನ್ ಕಬಾಟ್-ಝಿನ್ 1979ರಲ್ಲಿ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ, ದೀರ್ಘಕಾಲದ ನೋವಿನಿಂದ ಬಳಲುವವರಿಗಾಗಿ ಆರಂಭಿಸಿದ ಎಂಟು ವಾರಗಳ ತರಬೇತಿ ಮೊದಲನೆಯದು. ಅದು ದಿನವೂ ಮುಕ್ಕಾಲು ತಾಸಿನಷ್ಟು ಮನೆಯ ಅಭ್ಯಾಸವನ್ನು ಕೇಳುತ್ತದೆ. ಹಾರ್ವರ್ಡ್‌ನ ಎಲೆನ್ ಲ್ಯಾಂಗರ್ ಧ್ಯಾನದ ಹಂಗಿಲ್ಲದೆ ಬೆಳೆಸಿದ ವಿಚಾರ ಎರಡನೆಯದು: ಪರಿಚಿತವಾದುದರಲ್ಲಿ ಹೊಸ ವ್ಯತ್ಯಾಸಗಳನ್ನು ಗಮನಿಸುತ್ತಿರುವುದೇ ಅವರ ಪ್ರಕಾರ ಸಾವಧಾನ. ಎರಡು ಪಾಳಿಗಳ ನಡುವೆ ಉಸಿರಾಡಲೂ ಪುರಸೊತ್ತಿಲ್ಲದ ಮನೆಗೆ ಮುಕ್ಕಾಲು ತಾಸಿನ ಧ್ಯಾನವನ್ನು ಸಲಹೆ ಮಾಡುವುದು ವ್ಯಾವಹಾರಿಕವಲ್ಲ. ಲ್ಯಾಂಗರ್ ಹೇಳುವ ಬಗೆಯದಾದರೋ ಹೊಸದಾಗಿ ವೇಳೆಯನ್ನು ಬೇಡುವುದಿಲ್ಲ, ಇರುವ ಕೆಲಸದ ಅಂಚುಗಳನ್ನು ಸ್ವಲ್ಪ ಬದಲಿಸಿದರೆ ಸಾಕು.

ಗಮನ ಸಡಿಲವಾಗುವ ಬಗೆ

ಏನನ್ನು ಬದಲಿಸಬೇಕೆಂದು ತಿಳಿಯಲು ಗಮನ ಹೇಗೆ ಸಡಿಲವಾಗುತ್ತದೆಂಬುದನ್ನು ಮೊದಲು ತಿಳಿಯಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ರೇಡಾರ್ ಸಿಬ್ಬಂದಿ ಪರದೆಯ ಮೇಲಿನ ಸೂಚನೆಗಳನ್ನು ತಪ್ಪಿಸುತ್ತಿದ್ದ ಕಾರಣವನ್ನು ಹುಡುಕುತ್ತ, ನಾರ್ಮನ್ ಮ್ಯಾಕ್‌ವರ್ತ್ ಒಂದು ಸರಳ ಪರೀಕ್ಷೆಯನ್ನು ರೂಪಿಸಿದರು. ಮುಳ್ಳೊಂದು ಕ್ಷಣಕ್ಷಣಕ್ಕೂ ಒಂದೊಂದು ಹೆಜ್ಜೆ ಸರಿಯುತ್ತಿರುತ್ತದೆ, ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಜಿಗಿಯುತ್ತದೆ. ನೋಡುವವರು ಆ ಜಿಗಿತವನ್ನು ಗುರುತಿಸಬೇಕು. 1948ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎರಡು ತಾಸಿನ ಕಾವಲಿನಲ್ಲಿ ಮೊದಲ ಅರ್ಧ ತಾಸು ಮುಗಿಯುತ್ತಲೇ ಗುರುತಿಸುವ ಶಕ್ತಿ ಕುಸಿಯಿತು. ಅರ್ಧ ತಾಸಿಗೊಮ್ಮೆ ಬಿಡುವು ಕೊಟ್ಟಾಗ ಅದು ಉಳಿದುಕೊಂಡಿತು. ಈ ಕುಸಿತಕ್ಕೆ ಸೋಮಾರಿತನ ಕಾರಣವಲ್ಲ, ತರಬೇತಿ ಪಡೆದ ಸೈನಿಕರಲ್ಲೂ ಅದು ಕಂಡಿತು. ಮೂರು ತಾಸಿನ ಸಂಜೆಯ ಪಾಳಿಯನ್ನು ಎಡೆಬಿಡದೆ ನಡೆಸುವ ತೋಟದಲ್ಲಿ ಕೊನೆಯ ಸಾಲುಗಳಿಗೆ ದೊರೆಯುವ ಕಣ್ಣು ಮೊದಲ ಸಾಲುಗಳಿಗೆ ದೊರೆತ ಕಣ್ಣಿನಷ್ಟು ಹರಿತವಾಗಿರಲಾರದು.

ಎರಡನೆಯ ದೌರ್ಬಲ್ಯ ಇನ್ನೂ ಸೂಕ್ಷ್ಮವಾದುದು. ಜೆರೆಮಿ ವುಲ್ಫ್ ಮತ್ತು ಸಂಗಡಿಗರು 2005ರಲ್ಲಿ, ಗಜಿಬಿಜಿ ಚಿತ್ರಗಳಲ್ಲಿ ನಿರ್ದಿಷ್ಟ ವಸ್ತುವೊಂದನ್ನು ಹುಡುಕುವಂತೆ ಜನರಿಗೆ ಹೇಳಿದರು. ಆ ವಸ್ತು ಅರ್ಧದಷ್ಟು ಚಿತ್ರಗಳಲ್ಲಿ ಇದ್ದಾಗ ತಪ್ಪಿಸಿದ್ದು ಶೇ 7ರಷ್ಟು ಮಾತ್ರ. ನೂರರಲ್ಲಿ ಒಂದು ಚಿತ್ರದಲ್ಲಿ ಮಾತ್ರ ಇದ್ದಾಗ ತಪ್ಪಿಸಿದ್ದು ಶೇ 30ರಷ್ಟು. ಅಪರೂಪದ್ದು ಕಣ್ಣೆದುರಿಗಿದ್ದರೂ ಕಾಣುವುದಿಲ್ಲ, ಏಕೆಂದರೆ ‘ಇಲ್ಲ’ ಎಂಬ ಉತ್ತರ ಪದೇಪದೇ ಸರಿಯಾಗುತ್ತ ಹೋದಾಗ ಮಿದುಳು ಹುಡುಕಾಟವನ್ನು ಬೇಗ ಮುಗಿಸಲು ಕಲಿಯುತ್ತದೆ. ಹೆಣ್ಣು ತಳಿಯ ಸಾಲಿನಲ್ಲಿ ಬೆರೆತ ಬೇರೆ ತಳಿಯ ಒಂದೇ ಗಿಡ, ಎಲೆಯ ಮರೆಯಲ್ಲಿ ಉಳಿದ ಒಂದೇ ಮೊಗ್ಗು ಇಂಥ ಅಪರೂಪದ ಗುರಿಗಳು. ಕೆಲಸ ಚೆನ್ನಾಗಿ ನಡೆಯುತ್ತಿರುವ ತೋಟದಲ್ಲೇ ಉಳಿದ ತಪ್ಪುಗಳನ್ನು ಕಾಣುವುದು ಹೆಚ್ಚು ಕಷ್ಟ ಎಂಬ ವಿಚಿತ್ರ ಸ್ಥಿತಿ ಇದರಿಂದ ಒದಗುತ್ತದೆ.

ಮೂರನೆಯದು ಕೆಲಸದಿಂದ ಕೆಲಸಕ್ಕೆ ಹಾರುವುದರ ವೆಚ್ಚ. 1927ರಲ್ಲಿ ಆರ್ಥರ್ ಜರ್ಸಿಲ್ಡ್ ಮಾಡಿದ ಪ್ರಯೋಗಗಳಿಂದ ಹಿಡಿದು ಇಂದಿನವರೆಗೆ ಮತ್ತೆ ಮತ್ತೆ ದೃಢಪಟ್ಟಿರುವ ಸಂಗತಿಯೆಂದರೆ, ಎರಡು ಕೆಲಸಗಳನ್ನು ಒಂದರ ಬೆನ್ನಿಗೊಂದು ಅದಲುಬದಲು ಮಾಡುವಾಗ ಪ್ರತಿ ಬದಲಾವಣೆಗೂ ವೇಳೆ ವ್ಯಯವಾಗುತ್ತದೆ ಮತ್ತು ತಪ್ಪು ಹೆಚ್ಚುತ್ತದೆ. 2009ರಲ್ಲಿ ಸೋಫಿ ಲೆರಾಯ್ ಇದಕ್ಕೆ ಇನ್ನೊಂದು ಅಂಶವನ್ನು ಸೇರಿಸಿದರು: ಅರ್ಧಕ್ಕೆ ಬಿಟ್ಟ ಕೆಲಸದ ಚಿಂತೆ ಮುಂದಿನ ಕೆಲಸದೊಳಗೂ ಉಳಿದುಕೊಂಡು ಗಮನದ ಒಂದು ಪಾಲನ್ನು ತಿನ್ನುತ್ತಿರುತ್ತದೆ. ಸಾಲಿನ ನಡುವೆ ಫೋನು ಬಂದು ಮಾತಾಡಿ ಮರಳಿದವರು ತಾವು ಬಿಟ್ಟ ಗಿಡದ ಮುಂದಿನ ಗಿಡದಿಂದ ಆರಂಭಿಸುವ ಸಾಧ್ಯತೆ ಎಷ್ಟಿದೆ ಎಂಬುದನ್ನು ಇದರಿಂದ ಊಹಿಸಬಹುದು. ಚೀಲದ ಬಣ್ಣಗಳ ನಿಜವಾದ ಬೆಲೆ ಇಲ್ಲಿ ತಿಳಿಯುತ್ತದೆ. ‘ಈ ಮೊಗ್ಗಿನ ಕೆಲಸ ಎಲ್ಲಿಗೆ ಬಂತು’ ಎಂಬ ನೆನಪನ್ನು ಅವು ತಲೆಯಿಂದ ಇಳಿಸಿ ಗಿಡದ ಮೇಲೆ ಇಡುತ್ತವೆ.

ಎಲ್ಲಿ ಮುರಿಯಬೇಕು, ಎಲ್ಲಿ ಉಳಿಸಬೇಕು

ರೂಢಿಯನ್ನು ಬೋಧನೆಯಿಂದ ಬದಲಿಸುವುದು ಕಷ್ಟ, ಸಂದರ್ಭವನ್ನು ತುಸು ಅಲುಗಾಡಿಸಿದರೆ ಅದು ತಾನಾಗಿ ಸಡಿಲುತ್ತದೆ. ಇದನ್ನು ತೋರಿಸಿದ ಪ್ರಯೋಗವೊಂದನ್ನು ಡೇವಿಡ್ ನೀಲ್, ವೆಂಡಿ ವುಡ್ ಮೊದಲಾದವರು 2011ರಲ್ಲಿ ಪ್ರಕಟಿಸಿದರು. ಸಿನಿಮಾ ಮಂದಿರದಲ್ಲಿ ಸದಾ ಪಾಪ್‌ಕಾರ್ನ್ ತಿನ್ನುವ ರೂಢಿಯಿದ್ದವರಿಗೆ ವಾರದ ಹಿಂದಿನ ಹಳಸಲು ಪಾಪ್‌ಕಾರ್ನ್ ಕೊಟ್ಟರೂ, ರುಚಿ ಹಿಡಿಸದಿದ್ದರೂ, ಅವರು ತಾಜಾ ಇದ್ದಾಗ ತಿನ್ನುವಷ್ಟೇ ತಿಂದರು. ಆದರೆ ವಾಡಿಕೆಯ ಕೈಯನ್ನು ಬಿಟ್ಟು ಇನ್ನೊಂದು ಕೈಯಿಂದ ತಿನ್ನಬೇಕೆಂದು ಹೇಳಿದಾಗ ಅವರೂ ಹಳಸಲನ್ನು ಗುರುತಿಸಿ ಕಡಿಮೆ ತಿಂದರು. ಯಾವ ಉಪದೇಶವೂ ಇಲ್ಲದೆ, ಚಲನೆಯ ಒಂದು ಸಣ್ಣ ಬದಲಾವಣೆ ಮನಸ್ಸನ್ನು ಕೈಯ ಬಳಿಗೆ ಮರಳಿ ಕರೆತಂದಿತು.

ಇದರರ್ಥ ಕ್ರಾಸಿಂಗ್ ಮಾಡುವವರು ಎಡಗೈಯ ಉಗುರಿನಿಂದ ಮೊಗ್ಗು ಗೀರಬೇಕೆಂದಲ್ಲ. ಹಾಗೆ ಮಾಡಿದರೆ ಎಳೆಗಾಯಿಗಳೇ ಉಳಿಯುವುದಿಲ್ಲ. ಕೌಶಲ ನೆಲೆಸಿರುವ ನಡುವಿನ ಚಲನೆಯನ್ನು ಮುಟ್ಟದೆ, ಅದರ ಆರಂಭವನ್ನೂ ಕೊನೆಯನ್ನೂ ಬದಲಿಸುವುದು ಸರಿಯಾದ ದಾರಿ, ಏಕೆಂದರೆ ಕಟ್ಟಿದ ಗಂಟಿನ ಬಾಗಿಲುಗಳಿರುವುದು ಆ ಎರಡು ತುದಿಗಳಲ್ಲಿ. ನಿನ್ನೆ ಪೂರ್ವದಿಂದ ಹಿಡಿದ ಸಾಲನ್ನು ಇಂದು ಪಶ್ಚಿಮದಿಂದ ಹಿಡಿಯುವುದು, ಪ್ರತಿದಿನ ಒಬ್ಬರಿಗೇ ಒಂದೇ ಸಾಲು ಮೀಸಲಾಗಿರದಂತೆ ಅದಲುಬದಲು ಮಾಡುವುದು, ಗಿಡವನ್ನು ಬುಡದಿಂದ ತುದಿಗೆ ನೋಡುವ ವಾಡಿಕೆಯಿದ್ದರೆ ಕೊನೆಯ ತಿರುವಿನಲ್ಲಿ ತುದಿಯಿಂದ ಬುಡಕ್ಕೆ ನೋಡುವುದು ಇವೆಲ್ಲ ಕೈಯ ವೇಗವನ್ನು ಅಷ್ಟಾಗಿ ಕುಗ್ಗಿಸದೆ ಕಣ್ಣಿಗೆ ಹೊಸ ನೋಟವನ್ನು ಕೊಡುತ್ತವೆ. ಎಲೆಯ ಮರೆಯಲ್ಲಿ ಒಂದು ಬದಿಯಿಂದ ಕಾಣದ ಮೊಗ್ಗು ಇನ್ನೊಂದು ಬದಿಯಿಂದ ಕಾಣುತ್ತದೆ ಎಂಬ ಸರಳ ಲಾಭವೂ ಇದಕ್ಕೆ ಸೇರುತ್ತದೆ.

ಕೊನೆಯ ತುದಿಯನ್ನು ಭದ್ರಪಡಿಸುವ ಒಂದು ಉಪಾಯ ಜಪಾನಿನ ರೈಲ್ವೆಯಿಂದ ಸಿಗುತ್ತದೆ. ಅಲ್ಲಿನ ಚಾಲಕರು ಸಿಗ್ನಲನ್ನು ಬೆರಳಿನಿಂದ ತೋರಿಸಿ, ಅದರ ಸ್ಥಿತಿಯನ್ನು ಗಟ್ಟಿಯಾಗಿ ಹೇಳುವ ಪದ್ಧತಿಯನ್ನು ಪಾಲಿಸುತ್ತಾರೆ. ಅಲ್ಲಿನ ರೈಲ್ವೆ ಸಂಶೋಧನಾ ಸಂಸ್ಥೆ 1994ರಲ್ಲಿ ನಡೆಸಿದ ಪರೀಕ್ಷೆಯಲ್ಲಿ ನೂರು ಕ್ರಿಯೆಗಳಿಗೆ 2.38ರಷ್ಟಿದ್ದ ತಪ್ಪುಗಳು ಈ ಕ್ರಮದಿಂದ 0.38ಕ್ಕೆ ಇಳಿದವು. ಕಣ್ಣು, ಕೈ, ಬಾಯಿ, ಕಿವಿ ಒಂದೇ ಸಂಗತಿಯ ಮೇಲೆ ಕೂಡಿದಾಗ ಮನಸ್ಸಿಗೆ ಬೇರೆಡೆಗೆ ಹೋಗುವ ಎಡೆ ಕಡಿಮೆಯಾಗುತ್ತದೆ. ಪ್ರತಿ ಮೊಗ್ಗಿಗೂ ಹೀಗೆ ಮಾಡುವುದು ಅಸಾಧ್ಯವಾದರೂ, ಸಾಲಿನ ಕೊನೆಯಲ್ಲಿ ಹಿಂದಿರುಗಿ ನೋಡಿ, ಗಿಡಗಳತ್ತ ಕೈ ತೋರಿಸಿ, ‘ಈ ಸಾಲು ಆಯ್ತು’ ಎಂದು ಜೊತೆಯವರಿಗೆ ಕೇಳುವಂತೆ ಹೇಳಲು ಕ್ಷಣ ಸಾಕು.

ಕೀಟನಾಶಕ ಸಿಂಪಡಿಸುವ ಕೆಲಸದಲ್ಲಿ ರೂಢಿಯ ಅಪಾಯ ಬೀಜದ ಶುದ್ಧತೆಯನ್ನು ದಾಟಿ ಆರೋಗ್ಯದವರೆಗೆ ಹೋಗುತ್ತದೆ. ಪಂಪಿನ ನಾಜಲ್ ಕಟ್ಟಿಕೊಂಡಾಗ ಅದನ್ನು ಬಿಚ್ಚಿ ಬಾಯಿಯಿಂದ ಊದುವ ಚಾಳಿ ಹಲವು ಕಡೆ ಇದೆ. ಅದು ವಿಷವೆಂದು ಗೊತ್ತಿಲ್ಲದವರು ಯಾರೂ ಇಲ್ಲ, ಆದರೆ ಅವಸರದಲ್ಲಿ ಕೈ ತಿಳಿವಳಿಕೆಗಿಂತ ಮುಂದೆ ಓಡುತ್ತದೆ. ಪೀಟರ್ ಗೋಲ್ವಿಟ್ಜರ್ 1999ರಲ್ಲಿ ವಿವರಿಸಿದ ‘ಹೀಗಾದರೆ ಹೀಗೆ’ ಎಂಬ ನಿಶ್ಚಯದ ವಿಧಾನ ಇಂಥ ಕಡೆಗಳಿಗೆ ಹೇಳಿ ಮಾಡಿಸಿದಂತಿದೆ. ‘ಇನ್ನು ಮೇಲೆ ಎಚ್ಚರಿಕೆಯಿಂದ ಇರುತ್ತೇನೆ’ ಎಂಬ ಸಾಮಾನ್ಯ ಸಂಕಲ್ಪಕ್ಕಿಂತ, ‘ನಾಜಲ್ ಕಟ್ಟಿದರೆ ಪಂಪಿಗೆ ಕಟ್ಟಿರುವ ಬ್ರಶ್ಶನ್ನು ಹಿಡಿಯುತ್ತೇನೆ’ ಎಂದು ಸನ್ನಿವೇಶವನ್ನೂ ಕ್ರಿಯೆಯನ್ನೂ ಮುಂಚಿತವಾಗಿ ಗಂಟು ಹಾಕಿದ ನಿಶ್ಚಯ ಹೆಚ್ಚಾಗಿ ಈಡೇರುತ್ತದೆ ಎಂದು ಅನೇಕ ಅಧ್ಯಯನಗಳು ತೋರಿಸಿವೆ. ಇಲ್ಲಿ ಬ್ರಶ್ಶು ಮನೆಯ ಗೂಡಿನಲ್ಲಿರದೆ ಪಂಪಿಗೇ ದಾರದಿಂದ ಕಟ್ಟಿರಬೇಕೆಂಬುದು ನಿಶ್ಚಯದಷ್ಟೇ ಮುಖ್ಯ, ಏಕೆಂದರೆ ಅವಸರದ ಕೈಗೆ ಹತ್ತಿರವಿದ್ದುದೇ ರೂಢಿಯಾಗುತ್ತದೆ. ಫೋನಿನ ವಿಷಯದಲ್ಲೂ ಇದೇ ನ್ಯಾಯ: ಸಾಲಿನ ನಡುವೆ ಫೋನು ಬಂದರೆ ಕೈಯಲ್ಲಿರುವ ಬಣ್ಣದ ಚೀಲವನ್ನು ಆ ಗಿಡಕ್ಕೇ ಸಿಕ್ಕಿಸಿ ಮಾತಿಗೆ ತೊಡಗುವುದು ಎಂದು ಗೊತ್ತುಮಾಡಿಕೊಂಡರೆ, ಮರಳಿ ಬಂದಾಗ ನೆನಪಿಗೆ ತಡಕಾಡುವ ಅಗತ್ಯ ಬೀಳುವುದಿಲ್ಲ.

ಹಂಗಾಮಿಗೆ ಮುಂಚಿನ ತಿಂಗಳು

ಹೊಸ ರೂಢಿ ಬೇರೂರಲು ಬೇಕಾಗುವ ಅವಧಿಯ ಬಗ್ಗೆ ಜನಜನಿತವಾದ ಅಂದಾಜುಗಳು ಹಲವಿವೆ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಯ್ದುಕೊಂಡ ಹೊಸ ಕೆಲಸ ತಾನಾಗಿ ನಡೆಯುವ ಮಟ್ಟವನ್ನು ಮುಟ್ಟಲು ಹಿಡಿದ ಮಧ್ಯಮ ಅವಧಿ 66 ದಿನ. ಅದರ ಹರಹು ಮಾತ್ರ 18ರಿಂದ 254 ದಿನಗಳಷ್ಟಿತ್ತು. ನಡುವೆ ಒಂದು ದಿನ ತಪ್ಪಿದ್ದು ದೊಡ್ಡ ಹಾನಿಯನ್ನೇನೂ ಮಾಡಲಿಲ್ಲ. ಈ ಸಂಖ್ಯೆಯನ್ನು ಕ್ರಾಸಿಂಗ್‌ನ ಒಂಬತ್ತು ವಾರಗಳ, ಎಂದರೆ 63 ದಿನಗಳ, ಪಕ್ಕದಲ್ಲಿಟ್ಟರೆ ಒಂದು ವ್ಯಾವಹಾರಿಕ ಸತ್ಯ ಕಾಣುತ್ತದೆ. ಹಂಗಾಮು ಆರಂಭವಾದ ದಿನ ತೊಡಗಿದ ಹೊಸ ಶಿಸ್ತು, ಸರಾಸರಿ ಲೆಕ್ಕದಲ್ಲಿ, ಹಂಗಾಮು ಮುಗಿಯುವ ಹೊತ್ತಿಗಷ್ಟೇ ಕೈಗೂಡುತ್ತದೆ. ಆದ್ದರಿಂದ ಬ್ರಶ್ಶನ್ನು ಕಟ್ಟುವುದು, ಸಾಲಿನ ಕೊನೆಯಲ್ಲಿ ತಿರುಗಿ ನೋಡುವುದು, ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯುವುದು ಮೊದಲಾದವು ಕಾರಹುಣ್ಣಿಮೆಯ ಸುಮಾರಿಗೆ, ಇನ್ನೂ ಬಿತ್ತನೆ, ಕಳೆಗಳ ಕಾಲದಲ್ಲೇ, ಶುರುವಾಗಬೇಕು.

ಬಿಡುವಿನ ವಿಷಯದಲ್ಲಿ ಹಿಂದಿನ ಬೇಸಾಯದ ಕ್ರಮದಲ್ಲಿ ಒಂದು ಏರ್ಪಾಡು ಅಡಗಿತ್ತು. ಈ ಸೀಮೆಯಲ್ಲಿ ಸೋಮವಾರ ಬಸವಣ್ಣನ ದಿನವೆಂದು ಎತ್ತುಗಳಿಗೆ ನೊಗ ಹೂಡದಿರುವ ವಾಡಿಕೆ ಇತ್ತು, ಹಲವು ಮನೆಗಳಲ್ಲಿ ಇಂದಿಗೂ ಇದೆ. ಎತ್ತಿಗೆ ಸಿಕ್ಕ ಈ ರಜೆ ಅದರ ಹಿಂದೆ ನಡೆಯುವ ಮನುಷ್ಯನಿಗೂ ಸಿಗುತ್ತಿತ್ತು. ವಾರಕ್ಕೊಮ್ಮೆ ಅವನ ದಿನಚರಿ ತಾನಾಗಿ ಬದಲಾಗುತ್ತಿತ್ತು. ಟ್ರ್ಯಾಕ್ಟರಿಗೆ ಸೋಮವಾರವಿಲ್ಲ, ಹತ್ತಿಯ ಮೊಗ್ಗಿಗಂತೂ ಮೊದಲಿನಿಂದಲೂ ಇಲ್ಲ. ವಾರದ ರಜೆಯನ್ನು ಮೊಗ್ಗು ಒಪ್ಪದಿರುವುದರಿಂದ ಬಿಡುವನ್ನು ದಿನದೊಳಗೇ ಹುಡುಕಬೇಕಾಗುತ್ತದೆ. ಮ್ಯಾಕ್‌ವರ್ತ್‌ನ ಫಲಿತಾಂಶ ನೆರವಿಗೆ ಬರುವುದು ಇಲ್ಲಿ: ಮೂರು ತಾಸಿನ ಪಾಳಿಯ ಕೊನೆಗೆ ಸಿಗುವ ಒಂದು ದೊಡ್ಡ ವಿಶ್ರಾಂತಿಗಿಂತ, ನಡುನಡುವೆ ನೀರು ಕುಡಿಯಲೋ ಚಹಾ ಕುಡಿಯಲೋ ಕೂತೆದ್ದು ಪಡೆದ ಚಿಕ್ಕ ಬಿಡುವುಗಳು ಗಮನವನ್ನು ಚೆನ್ನಾಗಿ ಕಾಯುತ್ತವೆ. ಮುಯ್ಯಾಳಿನ ಪದ್ಧತಿ, ಎಂದರೆ ಒಬ್ಬರ ಹೊಲದ ಕೆಲಸಕ್ಕೆ ಇನ್ನೊಬ್ಬರು ಸರದಿಯಂತೆ ಬರುವ ಕೊಡುಕೊಳ್ಳುವಿಕೆ, ಉಳಿದಿರುವ ಕಡೆ ಸರದಿಯ ದಿನದ ರಜೆಯೂ ಸಾಧ್ಯವಾಗುತ್ತದೆ.

ರೂಢಿಯ ಮಿತಿ

ಇಷ್ಟೆಲ್ಲ ಹೇಳಿದ ಮೇಲೂ ಸಾವಧಾನವನ್ನು ವ್ಯಕ್ತಿಯ ಗುಣವೆಂದು ಮಾತ್ರ ನೋಡಿದರೆ ವಿಜ್ಞಾನಕ್ಕೂ ನ್ಯಾಯಕ್ಕೂ ದೂರವಾದಂತೆ. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಫಿರ್ ಮತ್ತು ಜಿಯಾಯಿಂಗ್ ಝಾವೊ ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ, ಕೈ ಬರಿದಾಗಿದ್ದಾಗ ಒಮ್ಮೆ, ಕಟಾವಿನ ಹಣ ಬಂದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅದೇ ರೈತ, ಅದೇ ಬಗೆಯ ಪರೀಕ್ಷೆ. ಹಣದ ಚಿಂತೆ ಇದ್ದಾಗ ಅಂಕಗಳು ಗಮನಾರ್ಹವಾಗಿ ಕಡಿಮೆಯಿದ್ದವು. ಈ ಅಧ್ಯಯನದ ತೀರ್ಮಾನಗಳ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ನಡೆದಿದೆಯಾದರೂ, ಚಿಂತೆಯೂ ಗಮನವೂ ಒಂದೇ ಕಣಜದಿಂದ ಕಾಳು ತೆಗೆಯುತ್ತವೆ ಎಂಬ ಮೂಲ ವಿಚಾರ ಬೀಜೋತ್ಪಾದಕರ ಸ್ಥಿತಿಗೆ ಹತ್ತಿರವಾಗಿದೆ. ಅವರಿಗೆ ಪೂರ್ತಿ ಹಣ ಸಾಮಾನ್ಯವಾಗಿ ಬೀಜದ ಪರೀಕ್ಷೆ ಮುಗಿದ ಮೇಲೆ ಕೈಸೇರುತ್ತದೆ, ಅಲ್ಲಿಯವರೆಗೆ ಗೊಬ್ಬರ, ಔಷಧ, ಕೂಲಿಗಳ ಸಾಲ ತಲೆಯ ಮೇಲೆ ನಿಂತಿರುತ್ತದೆ.

ನಿದ್ರೆಯ ಲೆಕ್ಕವೂ ಹೀಗೆಯೇ. ಡಾಸನ್ ಮತ್ತು ರೀಡ್ 1997ರಲ್ಲಿ ತೋರಿಸಿದಂತೆ, ಎಡೆಬಿಡದೆ 17 ತಾಸು ಎಚ್ಚರವಿದ್ದವರ ಕೈಚಳಕ, ರಕ್ತದಲ್ಲಿ ಶೇ 0.05ರಷ್ಟು ಮದ್ಯಸಾರ ಇದ್ದವರ ಮಟ್ಟಕ್ಕೆ ಇಳಿಯುತ್ತದೆ. ರಾತ್ರಿ ನೀರು ತಿರುವಿ, ಬೆಳಿಗ್ಗೆ ಪರಾಗ ಮುಟ್ಟಿಸಿ, ಸಂಜೆ ಮತ್ತೆ ಮೊಗ್ಗು ತೆಗೆಯುವ ಶರೀರಕ್ಕೆ ಸಾವಧಾನದ ಯಾವ ಉಪಾಯವೂ ನಿದ್ರೆಯ ಬದಲಿಯಾಗಲಾರದು. ರಾತ್ರಿಯ ನೀರು ಮತ್ತು ಹಗಲಿನ ಕ್ರಾಸಿಂಗ್ ಒಬ್ಬರ ಪಾಲಿಗೇ ಬೀಳದಂತೆ ಮನೆಯ ಕೆಲಸವನ್ನು ಹಂಚಿಕೊಳ್ಳುವುದು, ಹಾಗೆ ಹಂಚುವಾಗ ಅಡುಗೆಮನೆಯನ್ನೂ ಲೆಕ್ಕಕ್ಕೆ ಹಿಡಿಯುವುದು, ಯಾವ ತಂತ್ರಕ್ಕಿಂತಲೂ ಮೊದಲು ಆಗಬೇಕಾದ ಬದಲಾವಣೆ.

ಬೆಳಗಿನ ಎಣಿಕೆ

ಯಾವ ಬದಲಾವಣೆ ಫಲ ಕೊಟ್ಟಿತೆಂದು ತಿಳಿಯುವುದು ಹೇಗೆ? ಹೈಬ್ರಿಡ್ ಬೀಜದ ಶುದ್ಧತೆಯನ್ನು ಗ್ರೋ-ಔಟ್ ಪರೀಕ್ಷೆ ನಿರ್ಧರಿಸುತ್ತದೆ: ಬೀಜದ ಮಾದರಿಯನ್ನು ಬಿತ್ತಿ ಬೆಳೆಸಿ, ಹುಟ್ಟಿದ ಗಿಡಗಳಲ್ಲಿ ನಿಜವಾದ ಹೈಬ್ರಿಡ್ ಎಷ್ಟು, ಬೆರಕೆ ಎಷ್ಟು ಎಂದು ಎಣಿಸುತ್ತಾರೆ. ಇದರ ತೀರ್ಪು ಬರುವುದು ಹಂಗಾಮು ಮುಗಿದು ತಿಂಗಳುಗಳಾದ ಮೇಲೆ. ಯಾವ ಸಂಜೆ, ಯಾವ ಸಾಲಿನಲ್ಲಿ, ಯಾವ ಕಾರಣಕ್ಕೆ ಕಣ್ಣು ತಪ್ಪಿತು ಎಂಬುದನ್ನು ಅಷ್ಟು ತಡವಾಗಿ ಬಂದ ಸಂಖ್ಯೆ ಹೇಳಲಾರದು. ಕಲಿಕೆಗೆ ಬೇಕಾದದ್ದು ತಪ್ಪಿನ ಬೆನ್ನಿಗೇ ಸಿಗುವ ಸುಳಿವು.

ಆ ಸುಳಿವನ್ನು ಹತ್ತಿಯೇ ಪ್ರತಿ ಬೆಳಿಗ್ಗೆ ಕೊಡುತ್ತದೆ. ಸಂಜೆ ಕಣ್ಣು ತಪ್ಪಿಸಿಕೊಂಡ ಪ್ರತಿ ಮೊಗ್ಗೂ ಮರುದಿನ ಹೆಣ್ಣು ತಳಿಯ ಸಾಲಿನಲ್ಲಿ ದಳ ಬಿಚ್ಚಿದ ಹೂವಾಗಿ ನಿಂತಿರುತ್ತದೆ; ದಳಗಳನ್ನೆಲ್ಲ ತೆಗೆದ ಸಾಲಿನಲ್ಲಿ ಅರಳಿದ ಹೂವು ಎಂದರೆ ನಿನ್ನೆಯ ತಪ್ಪೇ. ಅದನ್ನು ಕಿತ್ತು ಹಾಕುವುದು ಕ್ರಾಸಿಂಗ್‌ನ ನಿಯಮ. ಕಿತ್ತು ಎಸೆಯುವ ಬದಲು ಸಾಲುವಾರು ಬುಟ್ಟಿಗೆ ಹಾಕಿ ಎಣಿಸಿ, ಕ್ಯಾಲೆಂಡರಿನ ಚೌಕದಲ್ಲಿ ಸಂಖ್ಯೆಯೊಂದನ್ನು ಬರೆದಿಟ್ಟರೆ, ಗಮನದ ಏರಿಳಿತದ ದಿನಚರಿಯೇ ಸಿದ್ಧವಾಗುತ್ತದೆ. ಕೊನೆಯ ಸಾಲುಗಳಲ್ಲೇ ಹೂವು ಹೆಚ್ಚಾದರೆ ಬಿಡುವಿನ ಕೊರತೆ, ಒಂದೇ ಬದಿಯಲ್ಲಿ ಹೆಚ್ಚಾದರೆ ನೋಡುವ ದಿಕ್ಕಿನ ದೋಷ, ರಾತ್ರಿ ನೀರು ತಿರುವಿದ ಮರುದಿನದ ಸಂಜೆಗಳಲ್ಲಿ ಹೆಚ್ಚಾದರೆ ನಿದ್ರೆಯ ಕೊರತೆ ಎಂದು ಓದಿಕೊಳ್ಳಬಹುದು. ಒಂದು ವಾರ ಒಂದೇ ಬದಲಾವಣೆಯನ್ನು ಮಾಡಿ ಸಂಖ್ಯೆ ಇಳಿಯಿತೇ ಎಂದು ನೋಡಬಹುದು. ಈ ಎಣಿಕೆಯನ್ನು ಕೂಲಿ ಕತ್ತರಿಸಲು ಬಳಸಿದ ದಿನ ಹೂವುಗಳು ಬುಟ್ಟಿಗೆ ಬರುವುದು ನಿಂತು ಕಾಲಡಿಯ ಮಣ್ಣಿಗೆ ಸೇರುತ್ತವೆ, ಸುಳಿವೂ ಅವುಗಳೊಂದಿಗೆ ಹೋಗುತ್ತದೆ. ಕೆಲಸದ ಏರ್ಪಾಡನ್ನು ತಿದ್ದಲಿಕ್ಕಾಗಿ ಬಳಸಿದರೆ ಮಾತ್ರ, ಹೆಚ್ಚುವರಿ ಶ್ರಮವಿಲ್ಲದೆ, ಮುಂದಿನ ಸಂಜೆಯ ಕಣ್ಣು ಹಿಂದಿನ ಸಂಜೆಯ ಕಣ್ಣಿಗಿಂತ ಹೆಚ್ಚು ಬಲ್ಲದ್ದಾಗುತ್ತದೆ.